ಬೆಂಡ್ ಪೈಪಿಗೆ ಮನೆಯಲ್ಲೇ ಬಣ್ಣ ಹೊಡೆದರೆ ನಿಲ್ಲುತ್ತದೆಯೇ?

ನಾಲೆಬಯಲು (ಮಂಡ್ಯ):

ನನ್ನದು 100 ಸಿಸಿಯ ಹಳೆಯ ಬೈಕು. ಪಾಂಡವಪುರದ ಕಡೆಗೆ ನಾಲೆ ಏರಿಯ ಮೇಲೆ ದಿನವೂ ಓಡಾಟವಿರುವುದರಿಂದ, ಮಳೆಗಾಲದಲ್ಲಿ ಕಾದ ಬೆಂಡ್ ಪೈಪಿಗೆ (ಇಂಜಿನ್ನಿನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬಾಗಿದ ಪೈಪು) ಕೆಸರು ನೀರು ಸಿಡಿಯುವುದು ತಪ್ಪುವುದಿಲ್ಲ. ಪೈಪು ಕೆಂಪಗೆ ತುಕ್ಕು ಹಿಡಿದಿದ್ದರಿಂದ ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಪೈಪು, ಸೈಲೆನ್ಸರ್ ಎರಡಕ್ಕೂ ಸಿಲ್ವರ್ ಬಣ್ಣ ಹೊಡೆಸಿದ್ದೆ. ಸೈಲೆನ್ಸರ್‌ನ ಹಿಂಭಾಗದಲ್ಲಿ ಆ ಬಣ್ಣ ಇಂದಿಗೂ ಚೆನ್ನಾಗಿದೆ. ಇಂಜಿನ್ ಹತ್ತಿರದ ಬಾಗಿನಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಹೊಗೆಯಾಡಿ, ಕಂದು ತಿರುಗಿ, ಚಕ್ಕೆ ಚಕ್ಕೆಯಾಗಿ ಉದುರಿತು. ಒಂದೇ ಡಬ್ಬಿಯ ಬಣ್ಣ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯಲ್ಲಿ ಹೋಗಲು ಕಾರಣವೇನು? ಈ ಸಲ ಈ ಕೆಲಸವನ್ನು ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಕ್ರಮ ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಬಣ್ಣದಕೆಲಸ (ಮೈಸೂರು):

ಕಾರಣ ಶಾಖ. ಇಂಜಿನ್ನಿನಿಂದ ಹೊರಬಿದ್ದ ಕೂಡಲೇ ಬರುವ ಬಾಗು, ಗಾಡಿಯ ಮೇಲೆ ಭಾರ ಬಿದ್ದಾಗ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಲ್ಲದು. ಸೈಲೆನ್ಸರ್‌ನ ಬಾಲದ ಕಡೆಗೆ ಬರುವಷ್ಟರಲ್ಲಿ ಆ ಬಿಸಿ ಬಹಳಷ್ಟು ಇಳಿದಿರುತ್ತದೆ. ಸಾಮಾನ್ಯ ಎನಾಮೆಲ್ ಬಣ್ಣದಲ್ಲಿ ಪುಡಿಯನ್ನು ಹಿಡಿದಿಡುವ ಅಂಟು 200 ಡಿಗ್ರಿಯ ಆಸುಪಾಸಿನಲ್ಲೇ ಸುಡಲು ತೊಡಗುವುದರಿಂದ, ಬಾಗಿನ ಮೇಲೆ ಅದು ಉಳಿಯುವ ಮಾತೇ ಇಲ್ಲ. ಅಲ್ಲಿಗೆ ಸಿಲಿಕೋನ್ ರಾಳದ ಹೈ ಟೆಂಪರೇಚರ್ ಬಣ್ಣವೇ ಬೇಕು. ಡಬ್ಬಿಯ ಮೇಲೆ 600 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ.

ಆದರೆ ದುಬಾರಿ ಡಬ್ಬಿ ತಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ನನ್ನ ಅನುಭವದಲ್ಲಿ ಬಣ್ಣ ನಿಲ್ಲುವುದೂ ಉದುರುವುದೂ ಹೆಚ್ಚಾಗಿ ಡಬ್ಬಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ವೈರ್ ಬ್ರಷ್‌ನಿಂದ ಎದ್ದ ತುಕ್ಕನ್ನು ಕೆರೆದು, 80ರ ಎಮೆರಿ ಕಾಗದದಿಂದ ಆರಂಭಿಸಿ 120, 220ರವರೆಗೆ ಉಜ್ಜಿ, ಬರಿಯ ಲೋಹ ಕಾಣಿಸಬೇಕು. ಬೆಸುಗೆಯ ಅಂಚಿನಲ್ಲೂ ಬಾಗಿನ ಒಳಮೈಯಲ್ಲೂ ಕಪ್ಪು ಚುಕ್ಕೆಗಳಂತೆ ಉಳಿಯುವ ತುಕ್ಕನ್ನು ಯಾರೂ ಗಮನಿಸುವುದಿಲ್ಲ. ಬಣ್ಣ ಮೊದಲು ಏಳುವುದು ಅಲ್ಲಿಂದಲೇ. ಆಮೇಲೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಬೇಕು, ಆ ನಂತರ ಬರಿಗೈಯಲ್ಲಿ ಮುಟ್ಟಲೇಬಾರದು. ಬೆರಳಿನ ಜಿಡ್ಡು ಸಾಕು, ಬಿಸಿಯಾದಾಗ ಅದೇ ಆಕಾರದಲ್ಲಿ ಬಣ್ಣ ಏಳುತ್ತದೆ. ಉಜ್ಜಿದ ಲೋಹಕ್ಕೆ ತೇವದ ಗಾಳಿಯಲ್ಲಿ ಬೇಗನೆ ತೆಳುವಾದ ಕಿತ್ತಳೆ ಛಾಯೆ ಬರುವುದರಿಂದ, ಉಜ್ಜಿದ ದಿನವೇ ಬಣ್ಣ ಹೊಡೆದು ಮುಗಿಸಿ. ನಮ್ಮ ಕಡೆ ಜುಲೈ, ಆಗಸ್ಟ್ ಇದಕ್ಕೆ ತಕ್ಕ ಕಾಲವಲ್ಲ; ಸಾಧ್ಯವಾದರೆ ಮಳೆ ಕಳೆಯುವವರೆಗೆ ಕಾಯಿರಿ.

ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಬಳಸಬೇಡಿ. ಅದು ಒಳಗೇ ಸುಟ್ಟು ಮೇಲಿನ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಸುಮಾರು 20–25 ಸೆಂಟಿಮೀಟರ್ ದೂರದಿಂದ ಎರಡು ಮೂರು ತೆಳು ಕೋಟ್ ಸಾಕು, ನಡುನಡುವೆ ಹತ್ತು ನಿಮಿಷ ಬಿಡಿ. ದಪ್ಪಗೆ ಹೊಡೆದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಕಾದಾಗ ಗುಳ್ಳೆಯೇಳುತ್ತದೆ.

ಇನ್ನು ಬಣ್ಣವನ್ನು ಬೇಯಿಸುವುದು. ಗಾಳಿಗೆ ಒಣಗಿದ ಈ ಬಣ್ಣ ಮುಟ್ಟಲು ಗಟ್ಟಿಯೆನಿಸಿದರೂ ಉಗುರಿಗೆ ಕೆರೆದು ಬರುತ್ತದೆ, ಒಂದು ಹನಿ ಪೆಟ್ರೋಲ್ ಬಿದ್ದರೂ ಕಲೆಯಾಗುತ್ತದೆ. ಸುಮಾರು 200 ಡಿಗ್ರಿ ದಾಟಿ ಕಾದ ಮೇಲೆಯೇ ರಾಳ ಗಟ್ಟಿಯಾಗಿ ಹೆಣೆದುಕೊಳ್ಳುವುದು. ಆದ್ದರಿಂದ ಗಾಡಿಗೆ ಜೋಡಿಸಿ, ಬಯಲಿನಲ್ಲಿ ನಿಲ್ಲಿಸಿ, ಇಂಜಿನ್ನಿನ ಮುಂದೆ ಫ್ಯಾನ್ ಇಟ್ಟು, ಐದು ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ ಪೂರ್ತಿ ತಣಿಯಲು ಬಿಡಿ. ಮುಂದಿನ ಸಲ ಇನ್ನಷ್ಟು ಹೊತ್ತು, ಮತ್ತೆ ತಣಿಸಿ. ಆ ಬಳಿಕ ಒಣ ರಸ್ತೆಯಲ್ಲಿ ನಿಧಾನವಾಗಿ ಹದಿನೈದು ಇಪ್ಪತ್ತು ಕಿಲೋಮೀಟರ್ ಹೋಗಿ ಬನ್ನಿ. ಮೊದಲ ಸಲ ಹೊಗೆ ಬರುವುದು ಸಹಜ, ಗಾಬರಿಯಾಗಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಎಂದಿಗೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣಕ್ಕೇ ಕುತ್ತು ತರುತ್ತದೆ.

ಸ್ಪ್ಯಾನರ್_14 (ಮದ್ದೂರು):

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಬಣ್ಣಕ್ಕೆ ಹಣ ಹಾಕುವ ಮುನ್ನ ಸೈಲೆನ್ಸರ್‌ನ ಕೆಳಭಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಸಮೀಪದ ಓಡಾಟ ಮಾತ್ರ ಇರುವ ಗಾಡಿಯಲ್ಲಿ ಅದು ಹೊರಹೋಗುವಷ್ಟು ಸೈಲೆನ್ಸರ್ ಕಾಯದೆ, ಒಳಗೇ ನೀರಾಗಿ ತಂಗಿ, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ತಟ್ಟಿದಾಗ ಮೊದ್ದು ಸದ್ದು ಬಂದರೆ ಅಥವಾ ತಗಡು ಒಳಕ್ಕೆ ತಗ್ಗಿದರೆ ಯಾವ ಬಣ್ಣವೂ ಅದನ್ನು ಉಳಿಸದು. ಕೆಳಗಿರುವ ಸಣ್ಣ ರಂಧ್ರ ಆ ನೀರು ಇಳಿಯಲೆಂದೇ ಇರುವುದು, ಬಣ್ಣದಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಪೈಪು ಬಿಚ್ಚುವಾಗ ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಜೋರು ಮಾಡಿದರೆ ನಟ್ ಕೂರುವ ಸ್ಟಡ್ ಮುರಿದು ಇಂಜಿನ್ನಿನ ಹೆಡ್ಡಿನಲ್ಲೇ ಉಳಿಯುತ್ತದೆ, ಆಗ ಖರ್ಚು ಬಣ್ಣದ ಹತ್ತು ಪಟ್ಟು. ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯವರು ಯಾರಾದರೂ ಓದುತ್ತಿದ್ದರೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿಟ್ಟು ಬಣ್ಣ ಹೊಡೆಯಿರಿ. ಸಿಲಿಕೋನ್ ತಾಗಿದರೆ ಅದು ಕೆಡುತ್ತದೆ.

ಯಾದವಗಿರಿಯ ಗಾಡಿ (ಮೈಸೂರು):

ನನ್ನಲ್ಲಿರುವುದು ಯೆಜ್ಡಿ. 1996ರಲ್ಲಿ ಮುಚ್ಚಿದ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಯಾದ್ದರಿಂದ ಅದರ ಅವಳಿ ಸೈಲೆನ್ಸರ್‌ಗಳ ಮೇಲೆ ನನಗೆ ವಿಶೇಷ ಮಮತೆ. ಅಂಥ ಕ್ರೋಮ್ ಪೈಪು ಇಟ್ಟುಕೊಂಡವರಿಗೆ ಒಂದು ಮಾತು: ಹೊಳೆಯುವ ಕ್ರೋಮ್ ಮೇಲೆ ಬಣ್ಣ ಕಚ್ಚುವುದಿಲ್ಲ. ಹೊಳಪು ಪೂರ್ತಿ ಹೋಗುವವರೆಗೆ, ಮುಖಕ್ಕೆ ಮಾಸ್ಕ್ ಕಟ್ಟಿ, ನೀರು ಹಾಕಿ ಉಜ್ಜಬೇಕು. ಎದ್ದ ಕ್ರೋಮಿನ ಅಂಚು ಬೆರಳಿಗೆ ತಗಲದಷ್ಟು ಸಮವಾಗಬೇಕು. ಆಸಿಡ್ ಸುರಿದು ಕ್ರೋಮ್ ತೆಗೆಯುವ ಸಾಹಸವನ್ನು ಮನೆಯಲ್ಲಿ ಮಾಡಲೇಬೇಡಿ; ಆ ಹೊಗೆ, ಉಳಿಯುವ ನೀರು ಎರಡೂ ವಿಷ. ಟೂ ಸ್ಟ್ರೋಕ್ ಗಾಡಿಯಲ್ಲಿ ಜೋಡಣೆಯಿಂದ ಎಣ್ಣೆ ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ನನ್ನ ಮಟ್ಟಿಗೆ, ತಗಡು ಗಟ್ಟಿಯಿದ್ದರೆ ಯೆಜ್ಡಿಗೆ ಮರು ಕ್ರೋಮ್ ಮಾಡಿಸುವುದೇ ಸರಿ.

ನಾಲೆಬಯಲು (ಮಂಡ್ಯ):

ಎಲ್ಲರಿಗೂ ಧನ್ಯವಾದ. ತಟ್ಟಿ ನೋಡಿದೆ, ಸೈಲೆನ್ಸರ್ ಗಟ್ಟಿಯಾಗಿಯೇ ಇದೆ. ಅದರ ಮೇಲೆ ಚೆನ್ನಾಗಿ ನಿಂತಿರುವ ಹಳೆಯ ಸಿಲ್ವರ್ ಬಣ್ಣದ ಮೇಲೆಯೇ ಹೊಸದನ್ನು ಹೊಡೆಯಬಹುದೇ, ಅಥವಾ ಅದನ್ನೂ ತೆಗೆಯಬೇಕೇ?

ಬಣ್ಣದಕೆಲಸ (ಮೈಸೂರು):

ಹಿಂಭಾಗದಲ್ಲಿ ನಿಂತಿರುವುದನ್ನು ಹಾಗೆಯೇ ಬಿಡಿ, ಅದರ ಮೇಲೆ ಏನನ್ನೂ ಹೊಡೆಯಬೇಡಿ. ಬೆಂಡ್ ಪೈಪು ಸೈಲೆನ್ಸರ್‌ಗೆ ಸೇರುವ ಕ್ಲಾಂಪಿನವರೆಗೆ ಮಾತ್ರ ಲೋಹ ಕಾಣುವಂತೆ ತೆಗೆದು ಹೊಸ ಬಣ್ಣ ಹಾಕಿ. ಎರಡರ ಗೆರೆ ಕ್ಲಾಂಪಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ.