ರಕ್ತಭೇದಿ ಒಮ್ಮೆ ವಾಸಿಯಾಗಿ ಮತ್ತೆ ಬಂದಿದೆ, ಈ ಸಲ ಅಂಪ್ರೋಲಿಯಂ ಕೆಲಸ ಮಾಡ್ತಿಲ್ಲ

ಹಾನಗಲ್ ಹಿತ್ತಲು:
ಎಲ್ಲರಿಗೂ ನಮಸ್ಕಾರ. ಹಾನಗಲ್ ಹತ್ತಿರದ ಹಳ್ಳಿ ನಮ್ಮದು. ಹಿತ್ತಲಲ್ಲಿ 20 ಜವಾರಿ ಹ್ಯಾಟೆ, 3 ಹುಂಜ ಮೊದಲಿನಿಂದಲೂ ಇವೆ. ಹಗಲೆಲ್ಲ ತಿಪ್ಪೆ, ಬಣವೆ, ಅಡಿಕೆ ತೋಟ ಅಂತ ತಿರುಗಾಡಿ ಸಂಜೆ ತಾವೇ ಗೂಡಿಗೆ ಬರುತ್ತವೆ. ಬೇಸಿಗೆಯಲ್ಲಿ ಎರಡು ಹ್ಯಾಟೆ ಕಾವಿಗೆ ಕೂಡಿಸಿದ್ದೆ, 14 ಮರಿ ಆದವು. ಜೂನ್ ಮೊದಲ ವಾರ ಬೇರೆ ಊರಿನವರೊಬ್ಬರಿಂದ ಒಂದು ತಿಂಗಳ 30 ಮರಿ ತಂದು ಇವುಗಳ ಜೊತೆಗೇ ಬಿಟ್ಟೆ.

ಹತ್ತು ದಿನಕ್ಕೆ ತಂದ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು. ಹಿಕ್ಕೆಯಲ್ಲಿ ರಕ್ತ. ಅಂಪ್ರೋಲಿಯಂ ಪುಡಿ 5 ದಿನ ನೀರಿಗೆ ಹಾಕಿದೆ. 6 ಸತ್ತವು, ಉಳಿದವು ಚೇತರಿಸಿಕೊಂಡವು. ಆಶ್ಚರ್ಯ ಅಂದರೆ ಮನೆಯ 14 ಮರಿಗೆ ಆಗ ಏನೂ ಆಗಲಿಲ್ಲ.

ಈಗ ಒಂದು ತಿಂಗಳ ಮೇಲೆ ಮತ್ತೆ ಶುರುವಾಗಿದೆ, ಮತ್ತು ಈ ಸಲ ಉಲ್ಟಾ ಆಗಿದೆ. ಮನೆಯ ಮರಿಗಳೇ ಬೀಳುತ್ತಿವೆ, ನಾಲ್ಕು ದಿನದಲ್ಲಿ 5 ಹೋದವು. ತಂದವುಗಳಲ್ಲಿ ಸತ್ತದ್ದು ಒಂದೇ. ಎಲ್ಲವಕ್ಕೂ ಈಗ ಹತ್ತು ವಾರದ ಮೇಲೆ ವಯಸ್ಸು. ಎದೆ ಮೂಳೆ ಕೈಗೆ ಚುಚ್ಚುವಷ್ಟು ಸೊರಗಿವೆ. ಹಿಕ್ಕೆ ಲೋಳೆಲೋಳೆ, ರಕ್ತ ಅಲ್ಲೊಂದು ಇಲ್ಲೊಂದು. ಅದೇ ಅಂಪ್ರೋಲಿಯಂ ನಾಲ್ಕು ದಿನದಿಂದ ಕೊಡುತ್ತಿದ್ದೇನೆ, ಒಂದಿಷ್ಟೂ ಗುಣ ಇಲ್ಲ. ಹಿಕ್ಕೆ ಪರೀಕ್ಷೆಗೂ ಕೊಟ್ಟಿದ್ದೆ, ರಕ್ತಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿ ಕಾಣಲಿಲ್ಲ ಅಂದರು. ಹಾಗಾದರೆ ಇದು ಬೇರೆ ರೋಗವಾ? ಯಾರಾದರೂ ಬೇಗ ಹೇಳಿ. ದಿನಾ ಬೆಳಗ್ಗೆ ಗೂಡಿನ ಬಾಗಿಲು ತೆಗೆಯೋಕೆ ಭಯ ಆಗುತ್ತಿದೆ.

ಕುಂದಗೋಳ ರೈತ:
ಅಕ್ಕಾರೆ, ಸೊರಗಿವೆ ಅಂದರೆ ಜಂತು ಇರಬಹುದು ನೋಡಿ. ತಿಪ್ಪೆ ಕೆದರುವ ಕೋಳಿಗೆ ಹೊಟ್ಟೆಹುಳ ಇಲ್ಲದೇ ಇರುವುದೇ ಕಷ್ಟ. ಇರುವೆ, ದುಂಬಿ ತಿಂದರೆ ಲಾಡಿಹುಳ ಬರುತ್ತದೆ. ನಾನು ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಜಂತಿನ ಔಷಧ ಹಾಕುತ್ತೇನೆ.

ಕಲಘಟಗಿ ಕಾಕಾ:
ಜಂತಿನಿಂದ ನಾಲ್ಕು ದಿನಕ್ಕೆ ಐದು ಸಾಯುವುದಿಲ್ಲ ತಮ್ಮಾ. ಸೊರಗುತ್ತವೆ, ತತ್ತಿ ಕಮ್ಮಿ ಆಗುತ್ತದೆ, ಅಷ್ಟೇ.

ತಂಗಿ, ಎರಡು ಮಾತು ಕೇಳುತ್ತೇನೆ. ಕುತ್ತಿಗೆ ತಿರುಚುವುದು, ಹಸಿರು ಹಿಕ್ಕೆ, ಉಸಿರಿಗೆ ಬಾಯಿ ತೆರೆಯುವುದು ಇದೆಯಾ? ಇದ್ದರೆ ಅದು ರಾಣಿಖೇತ್ ಇರಬಹುದು, ಸತ್ತದ್ದನ್ನು ಮುಟ್ಟಬೇಡ, ಪಶು ಆಸ್ಪತ್ರೆಗೆ ಹೇಳು. ಇನ್ನೊಂದು, ಅಂಪ್ರೋಲಿಯಂ ಜೊತೆ ಬೇರೆ ಏನಾದರೂ ಹಾಕಿದ್ದೀಯಾ?

ಹಾನಗಲ್ ಹಿತ್ತಲು:
ಇಲ್ಲ ಕಾಕಾ, ಕುತ್ತಿಗೆ ಸರಿ ಇದೆ, ಉಸಿರೂ ಸರಿ ಇದೆ. ರಾಣಿಖೇತ್ ಲಸಿಕೆ ಎರಡೂ ಗುಂಪಿಗೆ ಹಾಕಿಸಿದ್ದೆ. ಜೊತೆಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕುತ್ತಿದ್ದೇನೆ, ಸೊರಗಿವೆ ಶಕ್ತಿ ಬರಲಿ ಅಂತ ಅಂಗಡಿಯವರು ಕೊಟ್ಟರು. ಜೂನ್‌ನಲ್ಲಿ ಹಾಕಿರಲಿಲ್ಲ.

ಕಲಘಟಗಿ ಕಾಕಾ:
ಅಲ್ಲೇ ಒಂದು ಗಂಟು ಬಿಚ್ಚಿತು. ಅದನ್ನು ಈಗಲೇ ನಿಲ್ಲಿಸು. ನಾನೂ ಇದೇ ತಪ್ಪು ಮಾಡಿ ಹನ್ನೊಂದು ಮರಿ ಕಳೆದುಕೊಂಡವನು. ಡಾಕ್ಟರ್ ಮೇಡಂ ಇದ್ದರೆ ಬಿಡಿಸಿ ಹೇಳುತ್ತಾರೆ.

ಗದಗ ಪಶುವೈದ್ಯೆ:
ಕಾಕಾ ಹೇಳಿದ್ದು ಸರಿ. ಅಂಪ್ರೋಲಿಯಂ ನೋಡೋಕೆ ಬಿ1 ವಿಟಮಿನ್ ಥರ ಇರುತ್ತದೆ. ಪರಾವಲಂಬಿ ಅದನ್ನೇ ಬಿ1 ಅಂತ ಒಳಗೆ ಎಳೆದುಕೊಂಡು ಹಸಿದು ಸಾಯುತ್ತದೆ, ಔಷಧದ ಕೆಲಸವೇ ಅದು. ನೀವು ಪಕ್ಕದಲ್ಲೇ ನಿಜವಾದ ಬಿ1 ಸುರಿದರೆ ಅದಕ್ಕೆ ಊಟ ಹಾಕಿದ ಹಾಗೆ. ಟಾನಿಕ್ ಕೊಡೋದೇ ಆದರೆ ಔಷಧದ ಕೋರ್ಸ್ ಮುಗಿದ ಮೇಲೆ.

ಆದರೆ ನನಗೆ ಹೆಚ್ಚು ಮುಖ್ಯ ಅನಿಸಿದ್ದು ನೀವು ಹೇಳಿದ ಆ ಉಲ್ಟಾ ವಿಷಯ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಈಗ ತಾನೇ ಸತ್ತ ಮರಿ ಇದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಲು ಹೇಳಿ. ಆಗದಿದ್ದರೆ ಕೈಗವಸು ಹಾಕಿಕೊಂಡು, ಗೂಡಿನಿಂದ ದೂರ, ನೀವೇ ಕರುಳು ಬಿಡಿಸಿ ನೋಡಿ. ಎಲ್ಲಿ ಗಾಯ ಇದೆ ಅನ್ನೋದು ಬೇಕು. ಮೇಲಿನ ಕರುಳಾ, ನಡುವಿನದಾ, ಅಥವಾ ಕೊನೆಗೆ ಎರಡು ಚೀಲದ ಥರ ಇರುವ ಕುರುಡು ಕರುಳಾ?

ಹಾನಗಲ್ ಹಿತ್ತಲು:
ಮೇಡಂ, ಮಧ್ಯಾಹ್ನ ಒಂದು ಸತ್ತಿತು. ಮಳೆ ಜೋರಾಗಿತ್ತು, ಆಸ್ಪತ್ರೆಗೆ ಹೋಗಲು ಆಗಲಿಲ್ಲ. ನಾನೂ ನಮ್ಮ ಯಜಮಾನರೂ ಸೇರಿ ಕೊಯ್ದು ನೋಡಿದೆವು. ಕರುಳಿನ ನಡುಭಾಗ ಬಲೂನಿನ ಹಾಗೆ ಉಬ್ಬಿದೆ, ಉಳಿದ ಕಡೆಗಿಂತ ಎರಡು ಪಟ್ಟು ದಪ್ಪ. ಬಿಡಿಸುವ ಮೊದಲೇ ಹೊರಗಿನಿಂದ ಚುಕ್ಕೆ ಕಾಣುತ್ತವೆ, ಬಿಳಿ ಚುಕ್ಕೆ ಮತ್ತು ಕೆಂಪು ಚುಕ್ಕೆ, ಉಪ್ಪು ಮತ್ತು ಬ್ಯಾಡಗಿ ಖಾರಪುಡಿ ಬೆರೆಸಿ ಉದುರಿಸಿದ ಹಾಗೆ. ಒಳಗೆ ಕೆಂಪು ಲೋಳೆ. ಕುರುಡು ಕರುಳು ಎರಡೂ ಚೆನ್ನಾಗೇ ಇವೆ. ಬಿಳಿ ದಾರದಂಥ ಜಂತು ಎರಡೇ ಎರಡು ಸಿಕ್ಕವು. ಜೂನ್‌ನಲ್ಲಿ ಸತ್ತ ಮರಿಯನ್ನು ಯಜಮಾನರು ಕೊಯ್ದಿದ್ದರಂತೆ, ಆಗ ಆ ಎರಡು ಚೀಲದಲ್ಲಿ ಬರೀ ರಕ್ತದ ಗಡ್ಡೆ ಇತ್ತು ಅಂತ ಈಗ ಹೇಳುತ್ತಿದ್ದಾರೆ.

ಗದಗ ಪಶುವೈದ್ಯೆ:
ಇಷ್ಟು ಚೆನ್ನಾಗಿ ನೋಡಿ ಹೇಳಿದ್ದಕ್ಕೆ ನಿಮಗಿಬ್ಬರಿಗೂ ಧನ್ಯವಾದ. ಈಗ ಬಹುಪಾಲು ಗೊತ್ತಾಯಿತು.

ರಕ್ತಭೇದಿ ಅಂತ ನಾವು ಒಂದೇ ಹೆಸರಲ್ಲಿ ಕರೆಯುತ್ತೇವೆ, ಆದರೆ ಅದನ್ನು ತರುವ ಕಾಕ್ಸಿಡಿಯಾ, ಅಂದರೆ ಐಮೇರಿಯಾ, ಒಂದೇ ಅಲ್ಲ. ಕೋಳಿಯಲ್ಲಿ 7 ಜಾತಿ ಬಹಳ ಹಿಂದಿನಿಂದ ಗೊತ್ತಿವೆ. 2021ರಲ್ಲಿ ಇನ್ನೂ ಮೂರಕ್ಕೆ ಹೆಸರಿಟ್ಟರು, ಅವು ಮೊದಲು ಕಂಡದ್ದು ಆಸ್ಟ್ರೇಲಿಯಾದಲ್ಲಿ. ಒಂದೊಂದು ಜಾತಿಗೂ ಕರುಳಲ್ಲಿ ತನ್ನದೇ ಜಾಗ. ಕುರುಡು ಕರುಳಲ್ಲಿ ರಕ್ತ ತುಂಬಿಸುವುದು ಟೆನೆಲ್ಲಾ, ಜೂನ್‌ನಲ್ಲಿ ಬಂದದ್ದು ಅದು. ನಡುಗರುಳು ಉಬ್ಬಿಸಿ ಈ ಉಪ್ಪು-ಖಾರದ ಚುಕ್ಕೆ ಮಾಡುವುದು ನೆಕಾಟ್ರಿಕ್ಸ್. ಅದು ಸಾಮಾನ್ಯವಾಗಿ ಸ್ವಲ್ಪ ದೊಡ್ಡ ಮರಿಗಳನ್ನೇ ಹಿಡಿಯುತ್ತದೆ, ಎರಡು ತಿಂಗಳು ದಾಟಿದವನ್ನು.

ಒಂದು ಜಾತಿ ಬಂದು ಹೋದರೆ ಅದರ ವಿರುದ್ಧ ಮಾತ್ರ ಮರಿಗೆ ಶಕ್ತಿ ಬರುತ್ತದೆ. ಇನ್ನೊಂದು ಜಾತಿ ಬಂದರೆ ಆ ಶಕ್ತಿ ಉಪಯೋಗಕ್ಕೆ ಬರಲ್ಲ. ಮ್ಯಾಕ್ಸಿಮಾ ಅನ್ನೋ ಜಾತಿಯಲ್ಲಂತೂ ಒಂದು ಊರಿನ ಪರಾವಲಂಬಿ ತಳಿಯ ವಿರುದ್ಧ ಬಂದ ಶಕ್ತಿ ಇನ್ನೊಂದು ಊರಿನ ತಳಿಯನ್ನು ಪೂರ್ತಿ ತಡೆಯುವುದಿಲ್ಲ.

ಈಗ ನಿಮ್ಮ ಹಿತ್ತಲನ್ನೇ ನೋಡಿ. ನಿಮ್ಮ ಮಣ್ಣಲ್ಲಿ ಟೆನೆಲ್ಲಾ ಮೊದಲೇ ಇತ್ತು ಅನಿಸುತ್ತದೆ. ಮನೆಯ ಮರಿ ತಾಯಿಯ ಹಿಂದೆ ಓಡಾಡುತ್ತ ದಿನಾ ಸ್ವಲ್ಪ ಸ್ವಲ್ಪ ತಿಂದು ಗಟ್ಟಿಯಾದವು. ತಂದ ಮರಿಗೆ ಅದು ಹೊಸದು, ಮಳೆಯಲ್ಲಿ ಒಮ್ಮೆಲೇ ಜಾಸ್ತಿ ತಿಂದು ಬಿದ್ದವು. ನೆಕಾಟ್ರಿಕ್ಸ್ ಬಹುಶಃ ತಂದ ಮರಿಗಳ ಜೊತೆ ಬಂತು. ಅವುಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ಅದರ ಪರಿಚಯ ಇತ್ತು, ನಿಮ್ಮವಕ್ಕೆ ಇರಲಿಲ್ಲ. ಎರಡೂ ಗುಂಪು ತಮ್ಮತಮ್ಮ ಊರಿನ ರೋಗಕ್ಕೆ ಗಟ್ಟಿ ಇದ್ದವು, ಒಂದರ ರೋಗ ಇನ್ನೊಂದಕ್ಕೆ ದಾಟಿತು.

ಹಿಕ್ಕೆಯಲ್ಲಿ ಏನೂ ಕಾಣದ್ದಕ್ಕೂ ಕಾರಣ ಇದೆ. ಟೆನೆಲ್ಲಾ, ನೆಕಾಟ್ರಿಕ್ಸ್ ಎರಡರಲ್ಲೂ ಮರಿ ಸಾಯುವುದು ಪರಾವಲಂಬಿ ಇನ್ನೂ ಕರುಳಿನ ಗೋಡೆಯೊಳಗೆ ಬೆಳೆಯುವಾಗ. ಊಸಿಸ್ಟ್, ಅಂದರೆ ಅದರ ಮೊಟ್ಟೆಯಂಥ ಕಣ, ಹಿಕ್ಕೆಗೆ ಬರುವುದು ಅದಾದ ಒಂದೆರಡು ದಿನಕ್ಕೆ. ಅದಕ್ಕೇ ರಿಪೋರ್ಟ್ ಖಾಲಿ ಇದ್ದರೂ ರೋಗ ಇಲ್ಲ ಅಂತ ಅಲ್ಲ.

ಈಗ ಮಾಡಬೇಕಾದ್ದು. ಟಾನಿಕ್ ಬಂದ್. ಅಂಪ್ರೋಲಿಯಂ ಕೆಲಸ ಮಾಡುವುದು ಮುಖ್ಯವಾಗಿ ರೋಗದ ಮೊದಲ ಹಂತದಲ್ಲಿ, ನೀವು ಅದನ್ನು ದಾಟಿದ್ದೀರಿ. ನಿಮ್ಮ ಡಾಕ್ಟರ್ ಹತ್ತಿರ ಟೋಲ್ಟ್ರಾಜುರಿಲ್ ಬರೆಸಿಕೊಳ್ಳಿ. 2.5 ಪರ್ಸೆಂಟ್‌ನದು ಲೀಟರ್ ನೀರಿಗೆ 1 ಮಿಲಿ, ಎರಡು ದಿನ, ಆ ಎರಡು ದಿನ ಬೇರೆ ನೀರು ಸಿಗಬಾರದು. ಮಳೆ ನೀರಿನ ಗುಂಡಿ ಇರುತ್ತದಲ್ವಾ, ಅದಕ್ಕೇ ಮರಿಗಳನ್ನು ಒಳಗೇ ಕೂಡಿಹಾಕಿ. ತತ್ತಿ ಇಡುವ ಹ್ಯಾಟೆಗಳಿಗೆ ಇದನ್ನು ಕೊಡಬೇಡಿ, ಆ ತತ್ತಿ ತಿನ್ನುವಂತಿಲ್ಲ. ನೆಲದ ಹೊಟ್ಟು ಹೇಗಿದೆ?

ಹಾನಗಲ್ ಹಿತ್ತಲು:
ಭತ್ತದ ಹೊಟ್ಟು ಹಾಕಿದ್ದೇನೆ. ನೀರಿನ ಪಾತ್ರೆ ಸುತ್ತ ಹಸಿ, ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗುತ್ತದೆ. ಫಿನಾಯಿಲ್ ಹೊಡೆದಿದ್ದೆ.

ಗದಗ ಪಶುವೈದ್ಯೆ:
ಫಿನಾಯಿಲ್‌ಗೆ ಊಸಿಸ್ಟ್ ಬಗ್ಗುವುದಿಲ್ಲ. ಬಿಸಿಲು, ಬಿಸಿ ಮತ್ತು ಒಣಗುವಿಕೆಗೆ ಬಗ್ಗುತ್ತದೆ. ಹಿಕ್ಕೆಯಲ್ಲಿ ಬಂದದ್ದು ಹಸಿ ಮತ್ತು ಬೆಚ್ಚಗೆ ಸಿಕ್ಕರೆ ಒಂದೆರಡು ದಿನಕ್ಕೆ ರೋಗ ಹತ್ತಿಸಲು ರೆಡಿ ಆಗುತ್ತದೆ. ಹಸಿ ಹೊಟ್ಟು ಪೂರ್ತಿ ತೆಗೆದು, ಕೋಳಿ ಹೋಗದ ಕಡೆ ಗುಂಡಿಯಲ್ಲಿ ಮುಚ್ಚಿ. ನೆಲ ಒಣಗಿಸಿ ಹೊಸ ಹೊಟ್ಟು ಹಾಕಿ. ಉಂಡೆ ಆಗಬಾರದು, ಕೈಯಿಂದ ಉದುರಬೇಕು.

ಕಲಘಟಗಿ ಕಾಕಾ:
ನೀರಿನ ಪಾತ್ರೆಯನ್ನು ಇಟ್ಟಿಗೆ ಮೇಲೆ ಮರಿಯ ಬೆನ್ನಿನ ಎತ್ತರಕ್ಕೆ ಇಡು ತಂಗಿ, ಕಾಲು ಹಾಕಿ ಚೆಲ್ಲುವುದಿಲ್ಲ. ಕೆಳಗೆ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಹೊರಗಿನಿಂದ ಮರಿ ತಂದರೆ ಮೂರು ವಾರ ಬೇರೆ ಕಡೆ ಇಟ್ಟು ನೋಡು. ತರುವುದೇ ಆದರೆ ತತ್ತಿ ತಂದು ನಿನ್ನ ಹ್ಯಾಟೆಯ ಕೆಳಗೇ ಇಡು, ನಾನು ಹಾಗೇ ಮಾಡುತ್ತೇನೆ.

ಕುಂದಗೋಳ ರೈತ:
ಬೇರೆ ಇಟ್ಟರೂ ಕೊನೆಗೆ ಜೊತೆಗೆ ಬಿಡಲೇಬೇಕಲ್ವಾ ಮೇಡಂ? ಆಗ ಮತ್ತೆ ಅದೇ ಕಥೆ ಆಗುವುದಿಲ್ಲವಾ?

ಗದಗ ಪಶುವೈದ್ಯೆ:
ಒಳ್ಳೆ ಪ್ರಶ್ನೆ. ಬೇರೆ ಇಟ್ಟರೆ ರಾಣಿಖೇತ್‌ನಂಥ ರೋಗ ಇದ್ದರೆ ಹೊರಗೆ ಬೀಳುತ್ತದೆ. ಕಾಕ್ಸಿಡಿಯಾ ಮಾತ್ರ ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಇರುತ್ತದೆ, ಪೂರ್ತಿ ತಪ್ಪಿಸಲು ಆಗಲ್ಲ. ಜೊತೆಗೆ ಬಿಡುವುದಾದರೆ ಬೇಸಿಗೆಯಲ್ಲಿ, ನೆಲ ಒಣಗಿದ್ದಾಗ, ಜಾಗ ಜಾಸ್ತಿ ಇರುವ ಕಡೆ ಬಿಡಿ. ಆಗ ತಿನ್ನುವ ಪ್ರಮಾಣ ಕಮ್ಮಿ ಇರುತ್ತದೆ, ರೋಗ ಬೀಳದೆ ಶಕ್ತಿ ಬೆಳೆಯುತ್ತದೆ. ಮಳೆ ಶುರುವಾದ ಮೇಲೆ ಬೆರೆಸಬೇಡಿ.

ಹಾನಗಲ್ ಹಿತ್ತಲು:
ಎಂಟು ದಿನ ಆಯಿತು, ಹೇಳಬೇಕು ಅಂತ ಬಂದೆ. ಡಾಕ್ಟರ್ ಅದೇ ಔಷಧ ಬರೆದುಕೊಟ್ಟರು. ಶುರು ಮಾಡಿದ ದಿನ ಒಂದು, ಮರುದಿನ ಒಂದು ಸತ್ತವು. ಆಮೇಲೆ ಸಾವಿಲ್ಲ. ಮನೆಯ ಮರಿ 14ರಲ್ಲಿ 6 ಉಳಿದಿವೆ. ಹೊಟ್ಟು ಬದಲಿಸಿ, ಪಾತ್ರೆ ಇಟ್ಟಿಗೆ ಮೇಲೇರಿಸಿದ್ದೇನೆ. ನಿನ್ನೆ ಸಂಜೆ ಗೋವಿನಜೋಳದ ನುಚ್ಚು ಹಾಕಿದರೆ ಆರೂ ನುಗ್ಗಿ ಬಂದವು. ಒಂದನ್ನು ಹಿಡಿದು ಎದೆ ಮುಟ್ಟಿ ನೋಡಿದೆ, ಮೂಳೆ ಇನ್ನೂ ಕೈಗೆ ಸಿಗುತ್ತದೆ, ಆದರೆ ಚುಚ್ಚುವುದಿಲ್ಲ.