ದಿನಬಳಕೆಗೆ ಪಿಂಗಾಣಿ ತಟ್ಟೆ-ಬಟ್ಟಲು: ಮಲೆನಾಡಿನ ಮನೆಗೆ ಯಾವುದು ತಾಳುತ್ತದೆ?

ತುಂಗೆದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ. ಸ್ಟೀಲ್ ತಟ್ಟೆ ಬಿಟ್ಟು ದಿನಬಳಕೆಗೇ ಪಿಂಗಾಣಿ ತರಬೇಕು ಅಂತಿದೆ. ನೆಂಟರು ಬಂದರೆ ಹತ್ತು-ಹನ್ನೆರಡು ಜನ ಊಟಕ್ಕೆ ಕೂರುತ್ತಾರೆ. ಎಲ್ಲರದೂ ಕೈಯಲ್ಲೇ ಊಟ. ಅತ್ತೆ-ಮಾವ ಮಣೆ ಹಾಕಿ ನೆಲದ ಮೇಲೆ, ಉಳಿದವರು ಮೇಜಿನಲ್ಲಿ. ಬೆಳಿಗ್ಗೆ ಕಡುಬು, ನೀರ್ದೋಸೆ, ಅಕ್ಕಿರೊಟ್ಟಿ. ಮಧ್ಯಾಹ್ನ ಸಾರು, ಹುಳಿ, ತಂಬುಳಿ, ಮಜ್ಜಿಗೆ. ಬಾವಿ ನೀರು. ಮೈಕ್ರೋವೇವ್ ಇದೆ, ಡಿಶ್‌ವಾಶರ್ ಇಲ್ಲ.

ಶಿವಮೊಗ್ಗದ ಅಂಗಡಿಗಳಲ್ಲಿ ಸ್ಟೋನ್‌ವೇರ್, ಪೋರ್ಸಲೇನ್, ಬೋನ್ ಚೈನಾ, ಓಪಲ್‌ವೇರ್ ಎಂದು ನಾಲ್ಕು ಹೆಸರು ಹೇಳುತ್ತಾರೆ. ನಮ್ಮ ಊಟಕ್ಕೆ, ನಮ್ಮ ಮಳೆಗೆ ಯಾವುದು ಸರಿ? ಎಷ್ಟು ಅಳತೆಯದು, ಎಷ್ಟು ತರಬೇಕು?

ಆವಿಗೆ (ಸಾಗರ)

ಅಂಗಡಿಯವರ ನಾಲ್ಕು ಹೆಸರಿಗಿಂತ ಮೊದಲು ಇದನ್ನು ನೋಡಿ: ಆ ಮಣ್ಣು ಎಷ್ಟು ನೀರು ಕುಡಿಯುತ್ತದೆ? ನಮ್ಮ ಕಡೆ ತಟ್ಟೆ ಹಾಳಾಗುವುದು ಬಿದ್ದು ಒಡೆದೇ ಆಗಬೇಕಿಲ್ಲ, ಆಷಾಢದ ತೇವವೂ ಸಾಕು.

1000ದಿಂದ 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದ ಅರ್ದನ್‌ವೇರ್ (ಸಾಧಾರಣ ಮಣ್ಣಿನ ಪಾತ್ರೆ) ತನ್ನ ತೂಕದ ಶೇ. 5ಕ್ಕಿಂತ ಹೆಚ್ಚು, ಎಷ್ಟೋ ಸಲ ಶೇ. 10ರಷ್ಟು ನೀರು ಎಳೆಯುತ್ತದೆ. ಸ್ಟೋನ್‌ವೇರ್ ಬೇಯುವುದು 1200–1300 ಡಿಗ್ರಿಯಲ್ಲಿ. ಚೆನ್ನಾಗಿ ಬೆಂದಿದ್ದರೆ ಶೇ. 2–3ರ ಒಳಗೆ ನಿಲ್ಲುತ್ತದೆ. ಪೋರ್ಸಲೇನ್ ಇನ್ನೂ ಬಿಗಿ, ಶೇ. 0.5ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಓಪಲ್‌ವೇರ್ ಪಿಂಗಾಣಿಯೇ ಅಲ್ಲ, ಬಿಳಿ ಗಾಜು. ನೀರು ಎಳೆಯುವ ಮಾತೇ ಇಲ್ಲ, ತೂಕವೂ ಕಡಿಮೆ. ಆದರೆ ಒಡೆದರೆ ಚೂರು ಕೋಣೆಯ ಮೂಲೆಮೂಲೆಗೂ ಹಾರುತ್ತದೆ. ನೆಲದ ಮೇಲೆ ಕೂತು ಉಣ್ಣುವವರಿರುವ ಮನೆಯಲ್ಲಿ ಇದು ನೆನಪಿರಲಿ.

ಮೇಲೆಲ್ಲ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇದ್ದರೂ ನೀರು ಹೇಗೆ ಒಳಗೆ ಹೋಗುತ್ತದೆ? ತಟ್ಟೆ ಮಗುಚಿ. ಅಡಿಯಲ್ಲಿ ಬಳೆಯಂತೆ ಒಂದು ಏಣು ಇರುತ್ತದೆ. ಸುಡುವ ಗೂಡಿನ (ಆವಿಗೆಯ) ಹಲಗೆಗೆ ಅಂಟಿಕೊಳ್ಳದಿರಲಿ ಎಂದು ಅದರ ಮೇಲಿನ ಗ್ಲೇಜ್ ಒರೆಸಿಯೇ ಬೇಯಿಸುತ್ತಾರೆ. ತೊಳೆದ ನೀರು ಒಳಗೆ ಹೋಗುವುದು ಅಲ್ಲಿಂದ. ಜುಲೈ-ಆಗಸ್ಟ್‌ನಲ್ಲಿ ಅದು ಆರುವುದೇ ಇಲ್ಲ, ಆ ಏಣಿನ ಸುತ್ತ ಕಪ್ಪು ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಅದೇ ತಟ್ಟೆಯನ್ನು ಮೈಕ್ರೋವೇವ್‌ಗೆ ಇಟ್ಟರೆ ಮಣ್ಣಿನೊಳಗಿನ ನೀರು ಕಾಯ್ದು, ಅನ್ನ ಬೆಚ್ಚಗಾಗುವ ಮೊದಲೇ ತಟ್ಟೆ ಕೈ ಸುಡುತ್ತದೆ. ಇನ್ನೊಂದು ತೊಂದರೆ ತಡವಾಗಿ ಗೊತ್ತಾಗುತ್ತದೆ. ನೀರು ಕುಡಿದ ಮಣ್ಣು ವರ್ಷಗಳಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಮೇಲಿನ ಗ್ಲೇಜ್ ಹಿಗ್ಗುವುದಿಲ್ಲ. ಆಗ ಜೇಡರ ಬಲೆಯಂಥ ಸಣ್ಣ ಬಿರುಕು ಏಳುತ್ತವೆ. ಸಾರಿನ ಅರಿಶಿನ ಆ ಗೆರೆಗಳಲ್ಲಿ ಇಳಿದರೆ ಮತ್ತೆ ಬಿಡುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಆ ಏಣಿನ ಮೇಲೆ ಬೆರಳಿನಿಂದ ಒಂದು ಹನಿ ನೀರಿಡಿ. ಇಂಗಿ ಕಲೆಯಾದರೆ ಬೇಡ, ಮುತ್ತಿನಂತೆ ನಿಂತರೆ ಸರಿ. ಇನ್ನೂ ಖಚಿತ ಬೇಕಾದರೆ ಒಂದೇ ಒಂದು ತಟ್ಟೆ ಮನೆಗೆ ತನ್ನಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ, ಮತ್ತೆ ತೂಗಿ. 700 ಗ್ರಾಂ ಇದ್ದದ್ದು 714 ಆದರೆ ಶೇ. 2, ಧೈರ್ಯವಾಗಿ ತನ್ನಿ. 742 ಆದರೆ ಶೇ. 6, ಮೇಲೆ ‘ಸ್ಟೋನ್‌ವೇರ್’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿದ್ದರೂ ಅದು ಅರೆಬೆಂದ ಮಾಲು.

ನಿಮಗೆ ನನ್ನ ಆಯ್ಕೆ: ಊಟದ ತಟ್ಟೆ ಪೋರ್ಸಲೇನ್, ಗಂಜಿ ಮತ್ತು ಹುಳಿಯ ದೊಡ್ಡ ಬೋಗುಣಿ ಸ್ಟೋನ್‌ವೇರ್.

ಪಂಕ್ತಿ (ಹೊಸನಗರ)

ಮಣ್ಣಿನ ವಿಷಯ ಆವಿಗೆಯವರು ಹೇಳಿದ್ದಾರೆ, ನಾನು ಆಕಾರ ಹೇಳುತ್ತೇನೆ. ಹೆಚ್ಚಿನವರು ಸೋಲುವುದೇ ಅಲ್ಲಿ. ಅಂಗಡಿಯಲ್ಲಿ ಸಿಗುವ ಬಹುತೇಕ ಡಿನ್ನರ್ ಸೆಟ್‌ಗಳನ್ನು ಮಾಡಿರುವುದು ಮುಳ್ಳುಚಮಚದ ಊಟಕ್ಕೆ: ನಡುವೆ ಸಪಾಟು, ಸುತ್ತ ಅಗಲದ ಅಂಚು. ಅದಕ್ಕೆ ಸಾರು ಬಡಿಸಿದರೆ ಅಂಚಿನಾಚೆ ಹರಿದು ಮುಂಗೈಗೆ ಇಳಿಯುತ್ತದೆ.

ಕೈಯೂಟಕ್ಕೆ ಅಗಲದ ಅಂಚು ಬೇಡ. 26–27 ಸೆಂಟಿಮೀಟರ್ ಅಗಲ, ಸುತ್ತ 2ರಿಂದ 2.5 ಸೆಂಟಿಮೀಟರ್ ಎತ್ತರದ ಗೋಡೆ ಇರಲಿ. ತಳ ಮತ್ತು ಗೋಡೆ ಸೇರುವ ಜಾಗ ದುಂಡಗಿರಬೇಕು. ನಾಲ್ಕು ಬೆರಳಿನಿಂದ ಒಳಗೆ ಬಳಿದು ನೋಡಿ. ಬೆರಳು ತಡೆಯಿಲ್ಲದೆ ಮೇಲೆ ಬಂದರೆ ಕೊನೆಯ ತುತ್ತಿನ ಸಾರನ್ನವೂ ಹಾಗೇ ಬರುತ್ತದೆ. ಮೂಲೆಯಂತಿದ್ದರೆ ಅಗುಳು ಅಲ್ಲೇ ಕೂರುತ್ತದೆ. ನಡುಭಾಗ ಉಬ್ಬಿದೆಯಾ ಎಂದೂ ನೋಡಿ: ಒಂದು ಚಮಚ ನೀರು ಹಾಕಿ, ಅಂಚಿಗೆ ಓಡಿದರೆ ಆ ತಟ್ಟೆಯಲ್ಲಿ ತಂಬುಳಿ ಪಲ್ಯದ ಕಡೆ ಹರಿಯುತ್ತದೆ.

ಒಳಮೈ ನುಣ್ಣಗೆ ಹೊಳೆಯಬೇಕು. ಈಗ ಚಾಲ್ತಿಯಲ್ಲಿರುವ ಮ್ಯಾಟ್ ಫಿನಿಶ್ ಚಿತ್ರದಲ್ಲಿ ಚಂದ, ಉಣ್ಣುವಾಗ ಬೆರಳಿಗೆ ಒಣಸ್ಲೇಟು ಸವರಿದಂತಾಗುತ್ತದೆ, ಎಣ್ಣೆಯೂ ಬೇಗ ಬಿಡುವುದಿಲ್ಲ. ಹೊರಮೈ ಮ್ಯಾಟ್ ಇದ್ದರೆ ಅಡ್ಡಿಯಿಲ್ಲ.

ಅತ್ತೆ-ಮಾವನ ತಟ್ಟೆ 550 ಗ್ರಾಂ ಒಳಗಿರಲಿ. ದಪ್ಪ ಸ್ಟೋನ್‌ವೇರ್ ತಟ್ಟೆ 800–900 ಗ್ರಾಂ ತೂಗುತ್ತದೆ. ಉಂಡಾದ ಮೇಲೆ ನೆಲದಿಂದ ಒಂದೇ ಕೈಯಲ್ಲಿ ಎತ್ತಲು ಅದು ಭಾರ.

ಬಟ್ಟಲು ಎರಡು ಬಗೆಯದು ಸಾಕು. ತಂಬುಳಿ, ಪಾಯಸಕ್ಕೆ 150 ಮಿಲಿ. ಗಂಜಿಗೆ 450–500 ಮಿಲಿ, ಅಡಿಯಲ್ಲಿ ಎತ್ತರದ ಏಣು ಇರುವಂಥದ್ದು, ಬಿಸಿಗಂಜಿ ಹಿಡಿದರೂ ಬೆರಳು ಸುಡುವುದಿಲ್ಲ. ತಿಂಡಿಗೆ 20 ಸೆಂಟಿಮೀಟರ್ ತಟ್ಟೆ. ನೀರ್ದೋಸೆ ಮಡಚಿ ಹಾಕಿದರೆ ಅದರಲ್ಲಿ ಕೂರುತ್ತದೆ, ಅಕ್ಕಿರೊಟ್ಟಿಗೆ ಊಟದ ತಟ್ಟೆಯೇ ಬೇಕು.

ಲೆಕ್ಕ: ದಿನಬಳಕೆಗೆ ಎಂಟು ಊಟದ ತಟ್ಟೆ, ಅಂದರೆ ಆರು ಜನಕ್ಕೆ ಆರು, ಒಡೆದರೆ ಎಂದು ಎರಡು. ಸಣ್ಣ ಬಟ್ಟಲು ಹನ್ನೆರಡು, ಗಂಜಿ ಬಟ್ಟಲು ಆರು. ನೆಂಟರಿಗೆಂದು ಇನ್ನೊಂದು ಸೆಟ್ ಖಂಡಿತ ಬೇಡ ಮಾರಾಯ್ರೆ, ಹನ್ನೆರಡು ಜನ ಸೇರಿದ ದಿನ ಬಾಳೆಎಲೆ ಇದೆಯಲ್ಲ. ಸೆಟ್ ಬದಲು ಬಿಡಿಯಾಗಿ ಸಿಗುವ ಅಚ್ಚಬಿಳಿ ಮಾಲನ್ನೇ ಹುಡುಕಿ. ಒಂದು ಒಡೆದರೆ ಜೋಡಿ ಸಿಗುತ್ತದೆ.

ಮಳೆಗಾಲಕ್ಕೆ ಒಂದು ಮಾತು. ತಣ್ಣಗಿರುವ ಪಿಂಗಾಣಿ ಸಾರಿನ ಬಿಸಿಯನ್ನು ಸ್ಟೀಲಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ, ತಟ್ಟೆಯ ತೂಕವೇ ಅದಕ್ಕೆ ಕಾರಣ. ಬಡಿಸುವ ಮೊದಲು ಎರಡು ನಿಮಿಷ ಬಿಸಿನೀರಿನಲ್ಲಿಟ್ಟು ಒರೆಸಿ. ಕುದಿಯುವ ನೀರು ಬೇಡ. ಫ್ರಿಜ್‌ನಿಂದ ತೆಗೆದ ಬಟ್ಟಲಿಗಂತೂ ಬಿಸಿ ಏನನ್ನೂ ಸುರಿಯಬೇಡಿ, ಒಳಮೈ ಹಿಗ್ಗುವ ವೇಗಕ್ಕೆ ಹೊರಮೈ ಬಾರದೆ ಸೀಳುತ್ತದೆ.

ತುಂಗೆದಂಡೆ (ತೀರ್ಥಹಳ್ಳಿ)

ಇಬ್ಬರಿಗೂ ತುಂಬಾ ಧನ್ಯವಾದ. ಮೂರು ಸಂಶಯ ಉಳಿದಿವೆ. ಬೋನ್ ಚೈನಾದಲ್ಲಿ ನಿಜಕ್ಕೂ ಮೂಳೆ ಇರುತ್ತದಾ? ಅತ್ತೆಯವರು ಅದೊಂದು ಬೇಡ ಅಂದಿದ್ದಾರೆ. ಈಗಿರುವ ಎರಡು ಬಿಳಿ ತಟ್ಟೆಯಲ್ಲಿ ಸೀಸದ ಕಡ್ಡಿಯಿಂದ ಗೀಚಿದಂಥ ಬೂದುಗೆರೆ ಬಂದಿವೆ, ಗ್ಲೇಜ್ ಹೋಯಿತೆಂದು ಅರ್ಥವಾ? ಬಚ್ಚಲೊಲೆ ಬೂದಿಯಲ್ಲಿ ಬೆಳಗಬಹುದಾ?

ಆವಿಗೆ (ಸಾಗರ)

ಇರುತ್ತದೆ. ಸಾಂಪ್ರದಾಯಿಕ ಪಾಕದಲ್ಲಿ ಅರ್ಧದಷ್ಟು ದನದ ಮೂಳೆ ಸುಟ್ಟ ಬೂದಿ, ಉಳಿದರ್ಧ ಚೀನಾ ಜೇಡಿ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜ ಇರುವ ಕಲ್ಲಿನ ಪುಡಿ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಕೊನೆಗೆ ರೂಢಿಗೆ ಬಂದ ಪಾಕ ಇದು. ತೆಳು, ಹಗುರ, ಆದರೂ ಗಟ್ಟಿ. ಗುಣದಲ್ಲಿ ಕುಂದಿಲ್ಲ, ಆದರೆ ಅತ್ತೆಯವರ ಮಾತು ಸರಿ. ಬೆಳಕಿಗೆ ಹಿಡಿದು ಗುರುತಿಸಲು ಹೋಗಬೇಡಿ, ತೆಳುವಾದ ಪೋರ್ಸಲೇನ್ ಕೂಡ ಬೆಳಕು ಬಿಡುತ್ತದೆ. ‘ನ್ಯೂ ಬೋನ್’, ‘ಫೈನ್ ಚೈನಾ’ ಎಂಬ ಹೆಸರುಗಳಿಂದಲೂ ಏನೂ ಖಚಿತವಾಗುವುದಿಲ್ಲ. ಮೂಳೆಬೂದಿ ಇಲ್ಲವೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ‘ಪೋರ್ಸಲೇನ್’ ಎಂದಷ್ಟೇ ಇರುವುದನ್ನು ಆರಿಸಿ.

ಬೂದುಗೆರೆ ಗೀರಲ್ಲ. ಗ್ಲೇಜ್ ಚಮಚಕ್ಕಿಂತ ಗಟ್ಟಿ, ಹಾಗಾಗಿ ಸವೆದದ್ದು ಚಮಚದ ಸ್ಟೀಲು, ಅದರ ಪುಡಿ ತಟ್ಟೆಗೆ ಹತ್ತಿದೆ. ಅಡಿಗೆ ಸೋಡಾವನ್ನು ಕೆಲವು ಹನಿ ನೀರಿನಲ್ಲಿ ಕಲಸಿ, ಒದ್ದೆ ಬಟ್ಟೆಯಿಂದ ಒಂದು ನಿಮಿಷ ತಿಕ್ಕಿ. ಹೋಗುತ್ತದೆ.

ಬೂದಿ ಬೇಡ. ಒಲೆಬೂದಿಯಲ್ಲಿ ಸುಟ್ಟ ಮರಳು, ಕಲ್ಲಿನ ಕಣ ಇರುತ್ತವೆ, ಬೂದಿ ಕ್ಷಾರವೂ ಹೌದು. ಸ್ಟೀಲು ಹಿತ್ತಾಳೆ ತಡೆದುಕೊಳ್ಳುತ್ತವೆ, ಪಿಂಗಾಣಿಯ ಹೊಳಪು ಒಂದೆರಡು ವರ್ಷದಲ್ಲೇ ಮಂಕಾಗುತ್ತದೆ. ಆಮೇಲೆ ಚಮಚದ ಗೆರೆ ಇನ್ನೂ ಜಾಸ್ತಿ. ಅಂಟುವಾಳದ ನೀರು, ಮೆತ್ತನೆಯ ಸ್ಪಂಜು ಸಾಕು. ಬಾವಿ ನೀರಿನ ಕಬ್ಬಿಣದಿಂದ ಕೆಂಪು ಕಲೆ ಕಟ್ಟಿದರೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ. ಬಣ್ಣದ ಚಿತ್ರವಿರುವ ತಟ್ಟೆಗೆ ಮಾತ್ರ ಇದನ್ನು ಮಾಡಬೇಡಿ.

ಅಪ್ಪೆಮಿಡಿ (ಸೊರಬ)

ಆ ಕೊನೆಯ ವಾಕ್ಯಕ್ಕೆ ಕಾರಣ ಸೇರಿಸುತ್ತೇನೆ, ನಮ್ಮದು ಹುಳಿಯೂಟ. ಗ್ಲೇಜ್ ಮೇಲೆ ಅಂಟಿಸಿ ಸುಟ್ಟ ಕೆಂಪು, ಕಿತ್ತಳೆ, ಹಳದಿ ಚಿತ್ರಗಳಲ್ಲಿ ಕ್ಯಾಡ್ಮಿಯಂ, ಅಗ್ಗದ ಗ್ಲೇಜ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಈ ವಿಷಲೋಹಗಳು ಹುಳಿಗೆ ಕರಗಿ ಊಟಕ್ಕೆ ಇಳಿಯುತ್ತವೆ. ಪ್ರಯೋಗಾಲಯದ ಪರೀಕ್ಷೆ ಮಾಡುವುದೂ ಹುಳಿಯಿಂದಲೇ: ಶೇ. 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಎಷ್ಟು ಸೀಸ, ಕ್ಯಾಡ್ಮಿಯಂ ಇಳಿಯಿತೆಂದು ಅಳೆಯುತ್ತಾರೆ. ಅಪ್ಪೆಹುಳಿ, ಮುರುಗಲು ಸಾರು, ಹುಳಿಮಜ್ಜಿಗೆ ತಾಗುವ ಒಳಮೈ ಅಚ್ಚಬಿಳಿ ಇರಲಿ. ಚಿತ್ರ ಬೇಕೇಬೇಕಿದ್ದರೆ ಹೊರಮೈಗೆ. ಉಗುರಾಡಿಸಿದಾಗ ಚಿತ್ರದ ಅಂಚು ಸಿಕ್ಕಿದರೆ ಅದು ಗ್ಲೇಜ್ ಮೇಲಿನದು. ಜೈಪುರದ ನೀಲಿ ಪಾತ್ರೆಯನ್ನು ಷೋಕೇಸಿಗೇ ಬಿಡಿ. ಅದನ್ನು ಮಾಡುವುದು ಜೇಡಿಯಿಂದಲ್ಲ, ಬೆಣಚುಕಲ್ಲಿನ ಪುಡಿಯಿಂದ. ಕಡಿಮೆ ಕಾವಿನಲ್ಲಿ ಬೆಂದದ್ದು, ಬಿಸಿಸಾರು ತಡೆಯುವುದಿಲ್ಲ.

ನೀವು ಕೇಳಿಲ್ಲ, ಆದರೂ ಪಿಂಗಾಣಿ ಕೊಳ್ಳಲು ಹೋದವರು ಭರಣಿಯನ್ನೂ ತರುತ್ತಾರೆ, ಅದಕ್ಕೆ ಹೇಳುತ್ತೇನೆ. ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಉಪ್ಪುನೀರು ಗೋಡೆಯೊಳಗೆ ನುಸುಳುತ್ತದೆ. ಹೊರಗೆ ಬಂದು ಆರಿ, ಬಿಳಿ ಹತ್ತಿಯಂತೆ ಉಪ್ಪು ಅರಳುತ್ತದೆ. ಒಳಗೇ ಹರಳುಗಟ್ಟಿದ ಉಪ್ಪು ಗ್ಲೇಜನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ, ಆ ಚೂರು ಮಿಡಿಯ ಜೊತೆ ಬಾಯಿಗೇ ಬರುತ್ತದೆ. ಹೊಸ ಭರಣಿ ತಂದ ಕೂಡಲೇ ಗಟ್ಟಿ ಉಪ್ಪುನೀರು ಕಂಠಮಟ್ಟ ತುಂಬಿ, ಒಣಗಿದ ವೃತ್ತಪತ್ರಿಕೆ ಮೇಲೆ ಮೂರು ದಿನ ಇಡಿ. ಮಾರ್ಚ್ ತಿಂಗಳಲ್ಲೇ ಮಾಡಿ, ಮಳೆ ಹಿಡಿದ ಮೇಲೆ ಕಾಗದ ಸುಮ್ಮನಿದ್ದರೂ ತೇವವಾಗುತ್ತದೆ. ನಾಲ್ಕನೇ ದಿನ ಭರಣಿಯಡಿ ಕಾಗದದಲ್ಲಿ ಒದ್ದೆ ವೃತ್ತ ಕಂಡರೆ ಆ ಭರಣಿಯನ್ನು ಬೇಳೆಗೋ ಅಕ್ಕಿಗೋ ಇಟ್ಟುಕೊಳ್ಳಿ.