ಪ್ರಬಂಧದ ಕರಡು ಮುಗಿದಿದೆ, ತಿದ್ದುವುದು ಎಲ್ಲಿಂದ ಶುರು ಮಾಡಲಿ?

ಇತಿಹಾಸ ಸಂಶೋಧಕಿ: ಕೋಲಾರದ ಕೆರೆಗಳ ನಿರ್ವಹಣೆ ಮೇಲೆ ಕನ್ನಡದಲ್ಲೇ ಪಿಎಚ್.ಡಿ. ಮಾಡುತ್ತಿದ್ದೇನೆ. ಕರಡು ನೋಡಿದ ಗೈಡ್ "ಭಾಷೆ ಬಿಗಿ ಮಾಡಿ, ಸಾಮ್ಯತೆಯೂ (ಬೇರೆಯವರ ಬರಹಕ್ಕೆ ಹೋಲುವ ಭಾಗ) ಜಾಸ್ತಿ ಬರಬಹುದು" ಅಂದಿದ್ದಾರೆ. ಎಲ್ಲಿಂದ ಹಿಡಿಯಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಪಿಎಚ್.ಡಿ. ಮುಗಿಸಿದ ಅಧ್ಯಾಪಕಿ: ಕಾಗುಣಿತ ಸದ್ಯಕ್ಕೆ ಹಾಗೇ ಇರಲಿ. ಒಂದು ಅಧ್ಯಾಯ ಪ್ರಿಂಟ್ ತೆಗೆದು, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಹೇಳುತ್ತದೆ ಅಂತ ಒಂದೇ ಸಾಲು ಬರೆಯಿರಿ. ಒಂದು ಸಾಲಿಗೆ ಸಿಗದ ಪ್ಯಾರಾವನ್ನು ಒಡೆಯಿರಿ, ಇಲ್ಲವೇ ತೆಗೆದುಬಿಡಿ. ಆಮೇಲೆ ಆ ಸಾಲುಗಳನ್ನಷ್ಟೇ ಓದಿ. ವಾದ ಎಲ್ಲಿ ತಪ್ಪಿಹೋಗುತ್ತದೆ ಅಂತ ಗೊತ್ತಾಗುತ್ತದೆ. ಇದಕ್ಕೆ ಮುಂಚೆ ವಾಕ್ಯ ತಿದ್ದುತ್ತಾ ಕೂತರೆ, ನಾಳೆ ಕಿತ್ತುಹಾಕುವ ಪುಟಕ್ಕೇ ಶ್ರಮ ಸುರಿದ ಹಾಗಾಗುತ್ತದೆ.

ವಾಕ್ಯಕ್ಕೆ ಬಂದಾಗ ಇಂಥವನ್ನು ಹುಡುಕಿ: "ಪ್ರಸ್ತುತ ಅಧ್ಯಾಯದಲ್ಲಿ ನೀರಗಂಟಿಗಳ ಕಾರ್ಯನಿರ್ವಹಣೆಯ ಕುರಿತು ಅಧ್ಯಯನವನ್ನು ಕೈಗೊಳ್ಳಲಾಗಿದೆ." ಇಷ್ಟುದ್ದ ಓದಿದರೂ ವಿಷಯ ಶುರುವಾಗಿಲ್ಲ, ಅಲ್ವಾ? ನೇರವಾಗಿ ಬರೆಯಿರಿ: "ತೂಬು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಮೊದಲು ನೀರು ಬಿಡಬೇಕು ಎಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ." ಗೈಡ್ ಹೇಳಿದ ಬಿಗಿ ಇದೇ ಅಂತ ನನ್ನ ನಂಬಿಕೆ. ಹಳ್ಳಿಯವರು ಆಡಿದ ಮಾತನ್ನು ಮಾತ್ರ ತಿದ್ದಲೇಬೇಡಿ. ಅವರು ಹೇಳಿದ ಹಾಗೇ ಇಟ್ಟು, ಕೆಳಗೆ ಊರು, ದಿನಾಂಕ ಕೊಡಿ.

ಗ್ರಂಥಾಲಯದಲ್ಲಿ ಕೆಲಸ ಮಾಡುವವರು: ಸಾಮ್ಯತೆ ಬಗ್ಗೆ ಸುಮ್ನೆ ಹೆದರಬೇಡಿ ಮೇಡಂ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗೆ ದಂಡನೆ ಇಲ್ಲ. ಅದಕ್ಕಿಂತ ಮೇಲೆ ಶೇ. 40ರವರೆಗೆ ಬಂದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಆ ಗಡುವು 6 ತಿಂಗಳು ಮೀರುವ ಹಾಗಿಲ್ಲ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕೆ ಬರುವುದಿಲ್ಲ. ಪದ ಅದಲುಬದಲು ಮಾಡಿ ಪರ್ಸೆಂಟೇಜ್ ಇಳಿಸುವ ದಾರಿ ಬೇಡವೇ ಬೇಡ, ಅದೂ ಕೃತಿಚೌರ್ಯವೇ. ಪುಸ್ತಕ ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ಮಾತಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ, ಪುಟಸಂಖ್ಯೆ ಹಾಕಿ. ನಾಳೆ ಪ್ರಬಂಧ ಶೋಧಗಂಗಾಕ್ಕೆ (ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ) ಹೋದ ಮೇಲೆ ಯಾರು ಬೇಕಾದರೂ ತೆರೆದು ಓದುತ್ತಾರೆ.

ಶಾಸನಗಳ ಮೇಲೆ ಕೆಲಸ ಮಾಡಿದವರು: ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ಬಳಸಿದ್ದೀರಾದರೆ ಹಳೆಯದೋ ಪರಿಷ್ಕೃತ ಆವೃತ್ತಿಯೋ ಅಂತ ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿ. ಹಳೆಯದರಲ್ಲಿ ಕೋಲಾರ 10ನೇ ಸಂಪುಟ. ಪರಿಷ್ಕೃತದಲ್ಲಿ ಸಂಪುಟಗಳ ಕ್ರಮವೇ ಬೇರೆ. ಉದಾಹರಣೆಗೆ, 5ನೇ ಸಂಪುಟ ಹಳೆಯದರಲ್ಲಿ ಹಾಸನದ್ದು, ಹೊಸದರಲ್ಲಿ ಮೈಸೂರಿನದು. ಬರೀ ಸಂಪುಟದ ಸಂಖ್ಯೆ ಕೊಟ್ಟರೆ ಪರೀಕ್ಷಕರು ಎಲ್ಲಿ ಹುಡುಕಬೇಕು? ಇನ್ನೊಂದು ಮಾತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದ್ದರೆ, ಅರ್ಕಾವತ್ತು ಇರುವ ಪದಗಳನ್ನು ಮೂಲದ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ನೋಡಿ.